ಮೀಟರ್ ಕೆಟ್ಟರೆ ದಂಡ ಯಾರಿಗೆ? ನಗರಾಡಳಿತಕ್ಕೊಂದು ಬಹಿರಂಗ ಪತ್ರ

ನಮ್ಮ ನಗರಗಳ ರಸ್ತೆಬದಿಯ ವಾಹನ ನಿಲುಗಡೆಗೆ ನಿಯಮ ಬರೆಯುವ ಅಧಿಕಾರಿಗಳಿಗೆ ಮತ್ತು ಆ ನಿಯಮಗಳಿಗೆ ಒಪ್ಪಿಗೆ ನೀಡುವ ಜನಪ್ರತಿನಿಧಿಗಳಿಗೆ,

ಮಾನ್ಯರೇ,

“ಮಿಷನ್ ಕೆಟ್ಟಿದೆ ಎಂದು ಗೊತ್ತಾದ ಮೇಲೂ ಗಾಡಿಯನ್ನು ಇಲ್ಲೇ ಏಕೆ ನಿಲ್ಲಿಸಿದಿರಿ?”

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನನ್ನನ್ನು ಹೀಗೆ ಕೇಳಿದವನು ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಹುಡುಗ. ನನ್ನ ಕಾರಿನ ಮುಂದಿನ ಚಕ್ರಕ್ಕೆ ಹಳದಿ ಬಣ್ಣದ ಕಬ್ಬಿಣದ ಬೀಗ ಬಿದ್ದಿತ್ತು. ಎಪ್ಪತ್ತೆಂಟು ವರ್ಷದ ನನ್ನ ತಂದೆ, ಪೊರೆ ತೆಗೆಸಿಕೊಂಡು ಎಂಟು ದಿನವಾಗಿದ್ದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ವಾಹನಗಳ ಹೊಗೆ ಕುಡಿಯುತ್ತ ರಸ್ತೆಯಲ್ಲಿ ನಿಲ್ಲುವ, ಪಾರ್ಕಿಂಗ್ ಗುತ್ತಿಗೆದಾರನ ಕೂಲಿಯವನು ಅವನು, ಹೇಳಿಕೊಟ್ಟಷ್ಟನ್ನು ಮಾಡಿದ. ಆ ಪ್ರಶ್ನೆ ಅವನ ಬಾಯಿಗೆ ಬಂದದ್ದು ನೀವು ಬರೆಯದೆ ಬಿಟ್ಟ ಒಂದು ನಿಯಮದಿಂದ. ಅದಕ್ಕಾಗಿಯೇ ಈ ಪತ್ರ ನಿಮಗೆ.

ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆಗೆ ತಂದೆಯವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕಿತ್ತು. ಹಣ ಪಾವತಿಸಿ ನಿಲ್ಲಿಸುವ ರಸ್ತೆ ಅದು. ಬಿಳಿ ಬಣ್ಣದಲ್ಲಿ ಗೆರೆ ಎಳೆದ ಚೌಕದೊಳಗೆ, ಗೆರೆ ಮೀರದಂತೆ ನಿಲ್ಲಿಸಿದೆ. ಶುಲ್ಕ ಕಟ್ಟುವ ಯಂತ್ರದ, ಅಂದರೆ ಪಾರ್ಕಿಂಗ್ ಮೀಟರಿನ, ಪರದೆ ಕಪ್ಪಾಗಿತ್ತು. ಗುಂಡಿ ಒತ್ತಿದರೂ ಬೆಳಕಿಲ್ಲ. ಅದರ ಮೈಗೆ ಅಂಟಿಸಿದ್ದ ಕ್ಯೂಆರ್ ಕೋಡ್‌ನ ಮೂಲೆ ಕಿತ್ತುಹೋಗಿತ್ತು, ಮೊಬೈಲ್ ಅದನ್ನು ಗುರುತಿಸಲಿಲ್ಲ. ರಸ್ತೆ ದಾಟಿ ಎದುರಿನ ಯಂತ್ರದ ಬಳಿಗೆ ಹೋದೆ. ಅದು ತನ್ನ ಬದಿಯ ಚೌಕಗಳ ಸಂಖ್ಯೆಯನ್ನು ಮಾತ್ರ ಒಪ್ಪುತ್ತಿತ್ತು. ಹಣ ತೆಗೆದುಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಹತ್ತು ನಿಮಿಷ ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಕಪ್ಪಾದ ಪರದೆಯ ಫೋಟೋ ತೆಗೆದುಕೊಂಡೆ. ಒಂದು ಹಾಳೆಯ ಮೇಲೆ, “ಯಂತ್ರ ಕೆಲಸ ಮಾಡುತ್ತಿಲ್ಲ. ಬಂದ ಸಮಯ 11.20. ಹಿಂತಿರುಗಿದ ಕೂಡಲೇ ಹಣ ಕೊಡುತ್ತೇನೆ” ಎಂದು ಬರೆದು, ಕೆಳಗೆ ಮೊಬೈಲ್ ಸಂಖ್ಯೆ ಹಾಕಿ, ಗಾಜಿನ ಒಳಗಿನಿಂದ ಕಾಣುವಂತೆ ಇಟ್ಟು ಹೋದೆ. ಮರಳಿದಾಗ ಹನ್ನೆರಡೂ ಕಾಲು. ಹಣ ಕೇಳಲು ಯಾರೂ ಇಲ್ಲದಿದ್ದ ಜಾಗದಲ್ಲಿ ಬೀಗ ಹಾಕಲು ಇಬ್ಬರಿದ್ದರು.

ಗಂಟೆಗೆ ಮೂವತ್ತು ರೂಪಾಯಿಯ ಜಾಗಕ್ಕೆ ಸಾವಿರ ರೂಪಾಯಿ ಕೊಟ್ಟೆ. ವಾದ ಮಾಡುತ್ತ ನಿಲ್ಲಬಹುದಿತ್ತು. ಆದರೆ ತಂದೆಯವರು, “ಕೊಟ್ಟುಬಿಡಮ್ಮ, ಹೋಗೋಣ” ಎಂದರು. ನಲವತ್ತು ವರ್ಷ ಶಾಲಾ ಮೇಷ್ಟರಾಗಿ ಒಬ್ಬರಿಗೂ ಒಂದು ಕಾಸು ಬಾಕಿ ಉಳಿಸಿಕೊಳ್ಳದ ಮನುಷ್ಯ, ನಡುಬೀದಿಯಲ್ಲಿ, ಹಾದುಹೋಗುವವರೆಲ್ಲ ನೋಡುತ್ತಿರುವಾಗ, ತಪ್ಪಿತಸ್ಥರಂತೆ ತಲೆ ತಗ್ಗಿಸಿದ್ದರು. ಹೋದ ಹಣವನ್ನು ಮರೆಯಬಲ್ಲೆ, ಆ ತಗ್ಗಿದ ತಲೆಯನ್ನು ಮರೆಯಲಾರೆ. ರಸೀದಿ ಕೇಳಿದಾಗ ಸಿಕ್ಕಿದ್ದು ಮೊಹರಿಲ್ಲದ, ಸಹಿಯಿಲ್ಲದ ಒಂದು ಹಳದಿ ಚೀಟಿ.

ಮನೆಗೆ ಬಂದು ಕಾನೂನು ಓದಿದೆ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಇದರ ಬಗ್ಗೆಯೇ ಇದೆ. ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರ ಗಮನವೂ ಇಲ್ಲದಂತೆ ಬಿಟ್ಟುಹೋಗಿದ್ದರೆ, ಅಥವಾ ಕಾನೂನು ನಿಷೇಧಿಸಿದ ಜಾಗದಲ್ಲಿ ನಿಲ್ಲಿಸಿದ್ದರೆ, ಅದನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ ಅನುಮತಿ ನೀಡಬಹುದು. ಆ ಅಧಿಕಾರಿ ಸಮವಸ್ತ್ರದಲ್ಲಿರಬೇಕು. ಇಷ್ಟು ಸ್ಪಷ್ಟವಾಗಿದೆ. ನಾನು ನಿಲ್ಲಿಸಿದ್ದು ನಿಷೇಧಿತ ಜಾಗದಲ್ಲಲ್ಲ, ವಾಹನ ನಿಲ್ಲಿಸಲೆಂದೇ ನೀವು ಬಣ್ಣ ಬಳಿದ ಜಾಗದಲ್ಲಿ. ಕಳೆದದ್ದು ಹತ್ತು ಗಂಟೆಯಲ್ಲ, ಐವತ್ತೈದು ನಿಮಿಷ. ಅಲ್ಲಿ ಸಮವಸ್ತ್ರದ ಅಧಿಕಾರಿ ಒಬ್ಬರೂ ಇರಲಿಲ್ಲ. ಗುತ್ತಿಗೆದಾರನ ಕೆಲಸಗಾರನ ಕೈಗೆ ಬೀಗ ಕೊಟ್ಟವರು ಯಾರು?

ಈ ಪ್ರಶ್ನೆ ಹಿಡಿದು ಹೊರಟವಳಿಗೆ ಸಿಕ್ಕಿದ್ದು ಒಂದು ಸುತ್ತು ದಾರಿ. ಚೀಟಿಯಲ್ಲಿದ್ದ ಸಂಖ್ಯೆಗೆ ಕರೆ ಮಾಡಿದರೆ, ದಂಡದ ವಿಚಾರ ಕಚೇರಿಯವರದ್ದು ಎಂದರು. ಕಚೇರಿಗೆ ಹೋದರೆ, ಯಂತ್ರದ ವಿಚಾರ ಗುತ್ತಿಗೆದಾರರದ್ದು ಎಂದರು. ಬರವಣಿಗೆಯಲ್ಲಿ ದೂರು ಕೊಟ್ಟೆ, ಸ್ವೀಕೃತಿ ಕೊಡಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದ ಮೀರುವಂತಿಲ್ಲ. ನನಗೆ ಅಷ್ಟು ಬೇಕಾಗಲಿಲ್ಲ. ಆ ದಿನ, ಆ ರಸ್ತೆಯ, ಆ ಸಂಖ್ಯೆಯ ಯಂತ್ರ ಎಷ್ಟು ಹೊತ್ತು ಕೆಲಸ ಮಾಡಿತು ಎಂದಷ್ಟೇ ಕೇಳಿದ್ದೆ. ಬಂದ ಉತ್ತರ: ಆ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ.

ಆ ಉತ್ತರದ ಅರ್ಥವನ್ನು ನೀವೇ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಜನರಿಗೆ ದಂಡ ಹಾಕುವ ಯಂತ್ರ ಬದುಕಿದೆಯೋ ಸತ್ತಿದೆಯೋ ಎಂಬುದರ ಲೆಕ್ಕ ದಂಡ ಹಾಕುವವರ ಬಳಿ ಇಲ್ಲ. ಹಾಗಾದರೆ ನಾನು ಹಣ ಕೊಡಲಿಲ್ಲ ಎಂದು ಯಾವ ಆಧಾರದ ಮೇಲೆ ತೀರ್ಮಾನಿಸಿದರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ತಂದೆಯವರು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದಾರೆ. ಆ ಬರೆ ಅವರ ಮೇಲೆಯೇ ಬಿದ್ದದ್ದನ್ನು ನಾನು ನೋಡಬೇಕಾಯಿತು.

ಅಳತೆಯ ವಿಷಯದಲ್ಲಿ ನಮ್ಮ ರಾಜ್ಯ ಬೇರೆಡೆಯೆಲ್ಲ ಎಷ್ಟು ಎಚ್ಚರವಾಗಿದೆ ನೋಡಿ. ತರಕಾರಿ ಅಂಗಡಿಯ ತಕ್ಕಡಿಗೆ, ಪೆಟ್ರೋಲ್ ಬಂಕಿನ ಪಂಪಿಗೆ, ಆಟೊರಿಕ್ಷಾದ ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಆಟೊದವರ ಮೀಟರ್ ಕೆಟ್ಟಿದ್ದರೆ ತಪ್ಪು ಪ್ರಯಾಣಿಕರದ್ದು ಎಂದು ಯಾವ ಇನ್‌ಸ್ಪೆಕ್ಟರೂ ಹೇಳುವುದಿಲ್ಲ. ಮನೆಯ ವಿದ್ಯುತ್ ಮೀಟರ್ ನಿಂತುಹೋದರೆ ಹಿಂದಿನ ತಿಂಗಳುಗಳ ಸರಾಸರಿ ನೋಡಿ ಬಿಲ್ ಬರುತ್ತದೆ, ಮನೆಯವರು ಕಳ್ಳರಾಗುವುದಿಲ್ಲ. ಕ್ಯಾಮೆರಾ ಹಿಡಿದು ಸಂಚಾರ ದಂಡ ಹಾಕುವುದಕ್ಕೂ ಕಟ್ಟುಪಾಡು ಬಂದಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ ಅಂಥ ಉಪಕರಣಕ್ಕೆ ರಾಜ್ಯದ ಗೊತ್ತುಪಡಿಸಿದ ಪ್ರಾಧಿಕಾರದಿಂದ ಅನುಮೋದನೆ ಪತ್ರ ಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ತಪ್ಪು ನಡೆದ ಹದಿನೈದು ದಿನಗಳೊಳಗೆ ನೋಟಿಸ್ ಕಳುಹಿಸಬೇಕು, ಅದರಲ್ಲಿ ತಪ್ಪನ್ನೂ ವಾಹನದ ಸಂಖ್ಯೆಯನ್ನೂ ತೋರಿಸುವ ಚಿತ್ರ ಇರಬೇಕು. ಕ್ಯಾಮೆರಾಗೆ ಇಷ್ಟು ಹೊಣೆ ಹೊರಿಸಿದ ಮೇಲೆ ಪಾರ್ಕಿಂಗ್ ಯಂತ್ರ ಮಾತ್ರ ಯಾರ ಮುದ್ರೆಯೂ ಇಲ್ಲದೆ, ಯಾರ ಲೆಕ್ಕಕ್ಕೂ ಸಿಗದೆ ರಸ್ತೆಯಲ್ಲಿ ನಿಂತಿರುವುದು ಹೇಗೆ ಸರಿ?

ನನ್ನ ತಂಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಹೂಡಿ ಹದಿನೇಳು ವರ್ಷವಾಯಿತು. ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ಅವಳು, “ಅಕ್ಕ, ಇಲ್ಲಿ ಅದಕ್ಕೆಂದೇ ಒಂದು ಕಾನೂನಿದೆ” ಎಂದಳು. ಹುಡುಕಿ ಓದಿದೆ. ಆ ರಾಜ್ಯದ ವಾಹನ ಸಂಹಿತೆಯ 22508.5ನೇ ಕಲಂ. ಮೀಟರ್ ಕೆಟ್ಟಿದ್ದರೆ ಆ ಜಾಗದಲ್ಲಿ ಹಣ ಕೊಡದೆ ನಿಲ್ಲಿಸಬಹುದು, ಆದರೆ ಫಲಕದಲ್ಲಿ ಬರೆದಿರುವ ಗರಿಷ್ಠ ಅವಧಿಯನ್ನು ಮೀರುವಂತಿಲ್ಲ. ಕೆಟ್ಟಿದೆ ಎಂದರೆ ಏನು ಎಂಬುದನ್ನೂ ಆ ಕಾನೂನು ಬಿಡಿಸಿ ಹೇಳುತ್ತದೆ. ಯಾವ ರೂಪದಲ್ಲೂ ಹಣ ಸ್ವೀಕರಿಸಲಾಗದ, ಅಥವಾ ಹಣ ಸಂದದ್ದನ್ನು ದಾಖಲಿಸಲಾಗದ ಮೀಟರ್ ಕೆಟ್ಟ ಮೀಟರ್. ಹಲವು ಜಾಗಗಳಿಗೆ ಸೇರಿ ಒಂದೇ ಯಂತ್ರ ಇರುವಲ್ಲಿ, ಗಾಡಿಯ ಗಾಜಿನ ಬಳಿ ಇಡಬೇಕಾದ ರಸೀದಿಯನ್ನು ಅದು ಕೊಡದಿದ್ದರೂ ಕೆಟ್ಟಿದೆ ಎಂದೇ ಲೆಕ್ಕ. ನೋಡಬೇಕಾದದ್ದು ವಾಹನಕ್ಕೆ ಅತಿ ಹತ್ತಿರದ ಯಂತ್ರವನ್ನು. ಕಣ್ಣು ಮಂಜಾದ ತಂದೆಯ ಕೈ ಹಿಡಿದುಕೊಂಡು ಎದುರು ಬದಿಯ ಯಂತ್ರಕ್ಕೆ ರಸ್ತೆ ದಾಟಿದವಳಿಗೆ ‘ಅತಿ ಹತ್ತಿರದ’ ಎಂಬ ಆ ಎರಡು ಪದಗಳ ಬೆಲೆ ಗೊತ್ತು.

ಈ ಕಾನೂನು ಅಲ್ಲಿಯೂ ಸುಲಭವಾಗಿ ಬಂದದ್ದಲ್ಲ, ಅದನ್ನು ನೀವು ತಿಳಿಯಬೇಕು. 2012ರಲ್ಲಿ ಮಾಡಿದ ಮೊದಲ ಕಾನೂನು, ನಗರಗಳು ಬೇಕೆಂದರೆ ಬೇರೆ ನಿಯಮ ಮಾಡಿಕೊಳ್ಳಬಹುದು ಎಂದು ಬಾಗಿಲು ತೆರೆದಿಟ್ಟಿತ್ತು. ಲಾಸ್ ಏಂಜಲೀಸ್ ಆ ಬಾಗಿಲಿನಿಂದ ನುಸುಳಿತು: ಮೀಟರ್ ಕೆಟ್ಟಿದ್ದರೂ ದಂಡ ಹಾಕುವ ನೀತಿಯನ್ನು ಆ ವರ್ಷದ ಕೊನೆಯಲ್ಲಿ ಎತ್ತಿಹಿಡಿಯಿತು. ಅವರ ವಾದ ನಿಮ್ಮ ಬಾಯಲ್ಲೂ ಇರುವಂಥದ್ದೇ: ಬಿಟ್ಟಿ ಸಿಗುತ್ತದೆ ಎಂದರೆ ಜನ ಬೇಕೆಂದೇ ಮೀಟರ್ ಕೆಡಿಸುತ್ತಾರೆ. ಜನ ಎದ್ದು ನಿಂತರು. 2013ರಲ್ಲಿ ಆ ನಗರವೇ ನೀತಿಯನ್ನು ಕೈಬಿಟ್ಟಿತು. ಅದೇ ವರ್ಷ ರಾಜ್ಯದ ಶಾಸನಸಭೆ, ಯಾವ ನಗರವೂ ಕೆಟ್ಟ ಮೀಟರಿನ ಹೆಸರಿನಲ್ಲಿ ದಂಡ ಹಾಕಕೂಡದು ಎಂದು 2014ರ ಜನವರಿಯಿಂದ ಮೂರು ವರ್ಷದ ಮಟ್ಟಿಗೆ ವಿಧಿಸಿತು. ಅವಧಿ ಮುಗಿಯುವ ಮೊದಲು, 2016ರಲ್ಲಿ, ಅದನ್ನೇ ಕಾಯಂ ಮಾಡಿತು. ಮೂರು ವರ್ಷ ನಡೆಸಿ ನೋಡಿದ ಮೇಲೆ ಕಾಯಂ ಮಾಡಿದರು ಎಂಬುದನ್ನು ದಯವಿಟ್ಟು ಗಮನಿಸಿ.

ಜನ ಕೆಡಿಸುತ್ತಾರೆ ಎಂಬ ಅಂಜಿಕೆಗೆ ಆ ಕಾನೂನಿನಲ್ಲೇ ಉತ್ತರವಿದೆ. ಅವಧಿಯ ಮಿತಿ ಹಾಗೆಯೇ ಉಳಿಯುವುದರಿಂದ, ಕೆಟ್ಟ ಮೀಟರ್ ಎಂದರೆ ಬೆಳಗಿನಿಂದ ರಾತ್ರಿಯವರೆಗೆ ಬಿಡಾರ ಹೂಡಲು ಪರವಾನಗಿ ಅಲ್ಲ. ಮೀಟರ್ ಹುಟ್ಟಿದ್ದೇ ಅವಧಿಗಾಗಿ. 1935ರ ಜುಲೈ 16ರಂದು ಅಮೆರಿಕದ ಒಕ್ಲಹೋಮ ನಗರದಲ್ಲಿ ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ನೆಟ್ಟಾಗ, ಒಬ್ಬರೇ ಇಡೀ ದಿನ ಜಾಗ ಹಿಡಿದಿಟ್ಟುಕೊಂಡು ಅಂಗಡಿಗೆ ಬರುವ ಗಿರಾಕಿಗಳಿಗೆ ಎಡೆಯಿಲ್ಲದಂತೆ ಆಗಬಾರದು ಎಂಬುದೇ ಅದರ ಉದ್ದೇಶವಾಗಿತ್ತು. ನನಗೂ ಆ ಉದ್ದೇಶ ಒಪ್ಪಿಗೆ. ರಸ್ತೆ ನಮ್ಮೆಲ್ಲರ ಆಸ್ತಿ. ಅದರ ಮೇಲೆ ಕಾರು ನಿಲ್ಲಿಸುವವರು ಹಣ ಕೊಡಲೇಬೇಕು, ಪಾದಚಾರಿ ಮಾರ್ಗದ ಮೇಲೆ ನಿಲ್ಲಿಸುವವರಿಗೆ ದಂಡ ಬೀಳಲೇಬೇಕು. ಈ ಪತ್ರವನ್ನು ಉಚಿತ ಪಾರ್ಕಿಂಗ್ ಬೇಡುವವರ ಪತ್ರಗಳ ಜೊತೆ ಸೇರಿಸಬೇಡಿ.

ದಂಡ ತಪ್ಪಾಗಿ ಬಿದ್ದರೆ ಕೇಳುವ ದಾರಿಯೂ ಕ್ಯಾಲಿಫೋರ್ನಿಯಾದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇದೆ. ನೋಟಿಸ್ ಬಂದ 21 ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಒಪ್ಪಿಗೆಯಾಗದಿದ್ದರೆ ವಿಚಾರಣೆ. ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನಗಳೊಳಗೆ 25 ಡಾಲರ್ ಶುಲ್ಕ ಕಟ್ಟಿ ನ್ಯಾಯಾಲಯಕ್ಕೆ ಹೋಗಬಹುದು. ಗೆದ್ದರೆ ಆ ಶುಲ್ಕವನ್ನೂ ದಂಡದ ಹಣವನ್ನೂ ಹಿಂದಿರುಗಿಸಬೇಕು. ವಿಚಾರಣೆಗೆ ಮೊದಲೇ ದಂಡದ ಮೊತ್ತವನ್ನು ಠೇವಣಿ ಇಡಬೇಕು ಎಂಬ ಅಲ್ಲಿನ ನಿಯಮ ನನಗೆ ಹಿಡಿಸಲಿಲ್ಲ. ಕಟ್ಟಲಾಗದ ಬಡವರಿಗೆ ಅದರಿಂದ ವಿನಾಯಿತಿ ಇದೆಯಾದರೂ ಕೂಲಿ ಬಿಟ್ಟು ಬರುವವರಿಗೆ ಅದೂ ಒಂದು ಭಾರವೇ. ಆದರೆ ಒಂದು ಮಾತನ್ನು ನಾವು ಅಲ್ಲಿಂದ ಕಲಿಯಲೇಬೇಕು. ಮೊದಲ ಮರುಪರಿಶೀಲನೆಯನ್ನು ಗುತ್ತಿಗೆ ಕಂಪನಿಯ ಕೈಗೆ ಬಿಡುವಂತಿಲ್ಲ, ದಂಡ ಹಾಕಿದ ನಗರವೇ ಮಾಡಬೇಕು ಎಂದು 2016ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಲಾಸ್ ಏಂಜಲೀಸ್ ನಗರಕ್ಕೆ ಹೇಳಿತು.

ಗುತ್ತಿಗೆಯ ಮಾತು ಬಂದದ್ದರಿಂದ ಷಿಕಾಗೊ ನಗರವನ್ನೂ ನೆನೆಯಬೇಕು. 2008ರಲ್ಲಿ ಆ ನಗರ ತನ್ನ ಸುಮಾರು 36,000 ಮೀಟರುಗಳನ್ನು 75 ವರ್ಷಕ್ಕೆ, ಸುಮಾರು 115 ಕೋಟಿ ಡಾಲರಿಗೆ ಖಾಸಗಿಯವರಿಗೆ ಬರೆದುಕೊಟ್ಟಿತು. ರಸ್ತೆ ಕೆಲಸಕ್ಕೋ ಮೆರವಣಿಗೆಗೋ ಮೀಟರಿನ ಜಾಗ ಮುಚ್ಚಿದರೆ ನಷ್ಟವನ್ನು ನಗರವೇ ಕಂಪನಿಗೆ ತುಂಬಿಕೊಡಬೇಕು. ನಿಜವಾದ ಬೆಲೆಗಿಂತ 97 ಕೋಟಿ ಡಾಲರಿನಷ್ಟು ಕಡಿಮೆಗೆ ಕೊಟ್ಟಿದ್ದೀರಿ ಎಂದು ಮರುವರ್ಷವೇ ಆ ನಗರದ ತನಿಖಾಧಿಕಾರಿ ವರದಿ ಕೊಟ್ಟರು. ಸಹಿ ಒಣಗಿದ ಮೇಲೆ ಬಂದ ವರದಿ ಅದು.

ನಮ್ಮಲ್ಲಿ ಸಹಿ ಇನ್ನೂ ಎಲ್ಲ ಕಡೆ ಬಿದ್ದಿಲ್ಲ. ಹೆಚ್ಚು ರಸ್ತೆಗಳಲ್ಲಿ ಹಣ ಪಾವತಿಸುವ ನಿಲುಗಡೆ ತರುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಆದ್ದರಿಂದಲೇ ಈಗ ಬರೆಯುತ್ತಿದ್ದೇನೆ.

ನಿಯಮ ಇಲ್ಲದಿರುವಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರು ಒಮ್ಮೆ ಕಂಡಿದೆ. ವಾಹನ ಎತ್ತುವ ಟೋಯಿಂಗ್ ಲಾರಿಗಳ ಮೇಲೆ ಜನರ ಸಿಟ್ಟು ಎಷ್ಟು ಬೆಳೆಯಿತೆಂದರೆ 2022ರ ಫೆಬ್ರವರಿಯಲ್ಲಿ ಸರ್ಕಾರ ಟೋಯಿಂಗನ್ನೇ ನಿಲ್ಲಿಸಬೇಕಾಯಿತು. ಅಡ್ಡಾದಿಡ್ಡಿ ನಿಲ್ಲಿಸಿ ಆಂಬುಲೆನ್ಸಿಗೂ ದಾರಿ ಬಿಡದವರಿಗೆ ಅದರಿಂದ ಲಾಭವಾಯಿತು. ಜನರ ಸಿಟ್ಟಿನ ಮೂಲ ದಂಡ ಆಗಿರಲಿಲ್ಲ. ಎತ್ತುವ ಮೊದಲು ಧ್ವನಿವರ್ಧಕದಲ್ಲಿ ಕೂಗಿ ಎಚ್ಚರಿಸಬೇಕು ಎಂಬ ಸೂಚನೆಯನ್ನೂ ಪಾಲಿಸದೆ, ಮಾಲೀಕರು ಓಡಿ ಬಂದು ಕೈಮುಗಿದರೂ ಗಾಡಿ ಎಳೆದೊಯ್ಯುತ್ತಿದ್ದರು ಎಂಬುದು ಮೂಲ. ಮರುವರ್ಷ, 2023ರ ಫೆಬ್ರವರಿಯಲ್ಲಿ, ಬಾಕಿ ಇದ್ದ ಸಂಚಾರ ದಂಡಗಳಿಗೆ ಶೇಕಡ 50 ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಹಣ ಬಂತು. ಅದನ್ನು ಯಶಸ್ಸು ಎಂದು ಕೊಂಡಾಡಿದರು. ನನಗೆ ಹಾಗೆ ಅನ್ನಿಸಲಿಲ್ಲ. ನಿಜವಾಗಿ ತಪ್ಪು ಮಾಡಿದವನಿಗೂ ಅರ್ಧ ಮಾಫಿ, ತಪ್ಪೇ ಮಾಡದವನಿಗೂ ಅರ್ಧ ದಂಡ. ಯಾವ ನೋಟಿಸ್ ಸರಿ, ಯಾವುದು ತಪ್ಪು ಎಂದು ಕುಳಿತು ಕೇಳುವ ಮೇಜು ಇದ್ದಿದ್ದರೆ ಇಂಥ ಅರ್ಧ ಬೆಲೆಯ ಸಂತೆಯ ಅಗತ್ಯವೇ ಬೀಳುತ್ತಿರಲಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ರಸ್ತೆಗೆ ಯಂತ್ರ ನೆಡುವ ಮೊದಲೇ ನಿಯಮದಲ್ಲೂ ಗುತ್ತಿಗೆ ಪತ್ರದಲ್ಲೂ ಒಂದು ಸಾಲು ಬರೆಯಿರಿ: ಯಂತ್ರ ಹಣ ತೆಗೆದುಕೊಳ್ಳದಿದ್ದರೆ, ಅಥವಾ ರಸೀದಿ ಕೊಡದಿದ್ದರೆ, ಫಲಕದಲ್ಲಿ ಬರೆದ ಅವಧಿಯವರೆಗೆ ಆ ಜಾಗದಲ್ಲಿ ನಿಲ್ಲಿಸಿದವರಿಗೆ ಶುಲ್ಕವೂ ಇಲ್ಲ, ದಂಡವೂ ಇಲ್ಲ. ಆ ಸಾಲನ್ನು ಪ್ರತಿ ಯಂತ್ರದ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಯಂತ್ರದ ಸಂಖ್ಯೆ ಮತ್ತು ದೂರಿನ ಸಂಖ್ಯೆಯ ಜೊತೆ ಬರೆಸಿ. ಯುಪಿಐ ಇಲ್ಲದವರೂ ಇನ್ನೂ ಈ ನಗರದಲ್ಲಿದ್ದಾರೆ ಎಂಬುದು ನೆನಪಿರಲಿ. ಚಿಲ್ಲರೆ ಕೊಟ್ಟು ರಸೀದಿ ಪಡೆಯುವ ದಾರಿಯೊಂದು ಇರಲಿ. ಕೆಟ್ಟ ಯಂತ್ರ ಕೆಟ್ಟಿದ್ದಷ್ಟು ಗಂಟೆಯ ನಷ್ಟ ಗುತ್ತಿಗೆದಾರರಿಗೆ ಸೇರಿದರೆ ಅದನ್ನು ಸರಿಪಡಿಸಲು ಅವರೇ ಓಡಿ ಬರುತ್ತಾರೆ. ನಷ್ಟ ವಾಹನದವರಿಗೇ ಬೀಳುತ್ತಿರುವವರೆಗೆ ಯಾರೂ ಬರುವುದಿಲ್ಲ. ಈಗಿರುವ ವ್ಯವಸ್ಥೆಯಲ್ಲಿ ಕೆಟ್ಟ ಯಂತ್ರ ಗಂಟೆಗೆ ಮೂವತ್ತರ ಬದಲು ಸಾವಿರ ದುಡಿಯುತ್ತದೆ, ಇದಕ್ಕಿಂತ ಅಪಾಯಕಾರಿಯಾದ ಏರ್ಪಾಡು ಇನ್ನೊಂದಿಲ್ಲ.

ಸಮವಸ್ತ್ರದ ಪೊಲೀಸ್ ಅಧಿಕಾರಿಯ ಅನುಮತಿಯಿಲ್ಲದೆ ಗುತ್ತಿಗೆದಾರರು ಚಕ್ರಕ್ಕೆ ಬೀಗ ಹಾಕಬಾರದು. ಅದನ್ನು 127ನೇ ಕಲಂ ಆಗಲೇ ಹೇಳಿದೆ, ಪಾಲಿಸಿದರೆ ಸಾಕು.

ಇನ್ನು ದೂರು. ನಮ್ಮ ರಾಜ್ಯದಲ್ಲಿ ಸಕಾಲ ಎಂಬ ಒಳ್ಳೆಯ ಕಾನೂನಿದೆ, 2011ರದ್ದು. ಅರ್ಜಿ ಕೊಟ್ಟವರಿಗೆ ಹದಿನೈದು ಅಂಕಿಯ ಸಂಖ್ಯೆ ಸಿಗುತ್ತದೆ, ಕೆಲಸಕ್ಕೆ ದಿನಗಳ ಗಡುವು ಇರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಸಿಗುತ್ತದೆ. ಜಾತಿ ಪ್ರಮಾಣಪತ್ರಕ್ಕೆ ಇರುವ ಈ ಭರವಸೆ ಪಾರ್ಕಿಂಗ್ ದಂಡದ ತಕರಾರಿಗೂ ಏಕೆ ಇರಬಾರದು? ದಂಡದಲ್ಲಿ ಪಾಲಿಲ್ಲದ, ಗುತ್ತಿಗೆದಾರರಿಗೆ ಸೇರದ ಒಬ್ಬ ಅಧಿಕಾರಿ ಅದನ್ನು ಕೇಳಲಿ. ಫೋಟೋ ನೋಡಲಿ, ಯಂತ್ರದ ಆ ದಿನದ ದಾಖಲೆ ನೋಡಲಿ, ಎರಡು ಸಾಲಿನ ಕಾರಣ ಬರೆದು ತೀರ್ಮಾನ ಕೊಡಲಿ. ದಾಖಲೆಯೇ ಇಲ್ಲದಿದ್ದರೆ ದಂಡ ರದ್ದಾಗಲಿ. ನನ್ನ ವಿರುದ್ಧ ತೀರ್ಮಾನ ಬಂದರೂ ಕಾರಣ ತಿಳಿದರೆ ಒಪ್ಪಿಕೊಳ್ಳುತ್ತೇನೆ.

ಇದನ್ನು ಓದುತ್ತಿರುವ, ನನ್ನಂತೆಯೇ ಬೀಗ ಕಂಡ ಓದುಗರಿಗೂ ಒಂದು ಮಾತು. ಯಂತ್ರದ ಫೋಟೋ ತೆಗೆಯುವಾಗ ಪರದೆಯಷ್ಟೇ ಅಲ್ಲದೆ ಅದರ ಸಂಖ್ಯೆ, ನಿಮ್ಮ ಗಾಡಿ, ಪಕ್ಕದ ಅಂಗಡಿಯ ಫಲಕವೂ ಬರುವಂತೆ ನೋಡಿಕೊಳ್ಳಿ. ಹಣ ಕೊಡಬೇಕಾಗಿ ಬಂದರೆ ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಕೊಟ್ಟಿದ್ದೇನೆ’ ಎಂದು ಬರೆದು ಅದನ್ನೂ ಫೋಟೋ ತೆಗೆದಿಡಿ. ಪಾರ್ಕಿಂಗ್ ಶುಲ್ಕ ವಸೂಲಿ ಮಾಡುವವರು ಸೇವೆ ಕೊಡುವವರೇ. ಗ್ರಾಹಕರ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ಗ್ರಾಹಕ ಸಹಾಯವಾಣಿ 1915. ಸಾವಿರ ರೂಪಾಯಿಗೆ ಯಾರು ಅಲೆಯುತ್ತಾರೆ ಎಂದು ನಾವೆಲ್ಲ ಸುಮ್ಮನಿರುತ್ತೇವೆ ಎಂಬ ನಂಬಿಕೆಯ ಮೇಲೆಯೇ ಆ ಸಾವಿರದ ಲೆಕ್ಕ ನಿಂತಿದೆ.

ಮಾನ್ಯರೇ, ತಂದೆಯವರ ಕಣ್ಣು ಈಗ ಚೆನ್ನಾಗಿದೆ. ಬೆಳಿಗ್ಗೆ ಪತ್ರಿಕೆಯನ್ನು ಕನ್ನಡಕವಿಲ್ಲದೆ ಓದುತ್ತಾರೆ, ಈ ಪತ್ರದ ಕರಡನ್ನೂ ಓದಿ ಎರಡು ಕಾಗುಣಿತ ತಿದ್ದಿದರು. ಮುಂದಿನ ತಪಾಸಣೆಗೆ ಆ ರಸ್ತೆಗೆ ಕಾರಿನಲ್ಲಿ ಬರುವುದಿಲ್ಲ, ಬಸ್ಸಿನಲ್ಲಿ ಹೋಗೋಣ ಎನ್ನುತ್ತಾರೆ. ಆ ಹಳದಿ ಚೀಟಿ, ಕಪ್ಪು ಪರದೆಯ ಫೋಟೋ, ಗಾಜಿನೊಳಗೆ ಇಟ್ಟಿದ್ದ ಹಾಳೆ ಮೂರೂ ನನ್ನ ಬಳಿ ಇವೆ. ಯಾವ ಕಚೇರಿಗೆ, ಯಾವ ಮೇಜಿನ ಮುಂದೆ ತರಬೇಕೆಂದು ಹೇಳಿದರೆ ಆ ದಿನವೇ ತರುತ್ತೇನೆ.

ಇಂತಿ,
ನಗರದ ಒಬ್ಬ ನಿವಾಸಿ